ಹಳೆಯ ಶೀತಲ ಯಂತ್ರಗಳೂ ಅವುಗಳಿಗೆ ತಕ್ಕ ಅನಿಲಗಳೂ

ಹಳೆಯದಾಯಿತೆಂದು ಯಾವ ವಸ್ತುವನ್ನೂ ಒಡನೆಯೇ ಬಿಸಾಡದೆ, ಸರಿಪಡಿಸಿಕೊಂಡು ಬಳಸುವುದು ನಮ್ಮ ಮನೆತನಗಳ ರೂಢಿಯಾಗಿದೆ. ತಾಮ್ರದ ಹಂಡೆಯು ತೂತು ಬಿದ್ದರೆ ಬೆಸುಗೆ ಹಾಕಿಸುತ್ತೇವೆ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಮಾಡಿಸುತ್ತೇವೆ. ಹರಿದ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತೇವೆ. ಈ ಮಿತವ್ಯಯವು ಶ್ಲಾಘ್ಯವಾದದ್ದೇ ಸರಿ. ಆದರೆ ದುರಸ್ತಿಯೆಂಬುದಕ್ಕೂ ಒಂದು ಶಾಸ್ತ್ರವುಂಟು. ಕಲಾಯಿ ಮಾಡುವವನು ತವರಕ್ಕೆ ಸೀಸವನ್ನು ಬೆರೆಸಿದನಾದರೆ ಪಾತ್ರೆಯು ಥಳಥಳನೆ ಹೊಳೆಯುವುದಾದರೂ ಅದರಲ್ಲಿ ಉಣ್ಣುವವರಿಗೆ ವಿಷವಾಗುವುದು. ಹಳೆಯ ರೆಫ್ರಿಜರೇಟರಿಗೂ ಏರ್ ಕಂಡೀಷನರಿಗೂ ‘ಗ್ಯಾಸ್ ತುಂಬಿಸುವ’ ಕಾರ್ಯವು ಇಂಥದೇ ಆಗಿದೆ. ಯಂತ್ರವು ತಣ್ಣಗಾದ ಮಾತ್ರಕ್ಕೆ ಕೆಲಸವು ಸರಿಯಾಯಿತೆಂದು ಹೇಳುವಂತಿಲ್ಲ.

ಈ ವಿಷಯವನ್ನು ನಾನು ವಿಚಾರಿಸಿ ತಿಳಿದುಕೊಳ್ಳಬೇಕಾಗಿ ಬಂದ ಸಂದರ್ಭವನ್ನು ಮೊದಲು ಹೇಳುವೆನು. ಒಂದು ಬೇಸಿಗೆಯಲ್ಲಿ ನಮ್ಮ ಬಾಲಿಕಾ ನಿಲಯದ ಅಡಿಗೆಮನೆಯಲ್ಲಿದ್ದ ಫ್ರಿಜ್ಜು ತಣ್ಪು ಕೊಡುವುದನ್ನು ನಿಲ್ಲಿಸಿತು. ಅದು ಮೂವತ್ತು ವರುಷಗಳಿಗಿಂತಲೂ ಹಳೆಯದು. ಅದರಲ್ಲಿ ಮಕ್ಕಳ ಹಾಲು ಮೊಸರುಗಳಲ್ಲದೆ, ಸಕ್ಕರೆಯ ಕಾಯಿಲೆಯಿದ್ದ ಹುಡುಗಿಯೊಬ್ಬಳ ಇನ್ಸುಲಿನ್ ಔಷಧವೂ ಇತ್ತು. ಕರೆಸಿದ ದುರಸ್ತಿಗಾರನು ಎರಡು ಸಿಲಿಂಡರುಗಳನ್ನು ಹೊತ್ತು ತಂದನು. “ಇದರೊಳಗೆ ಯಾವ ಗ್ಯಾಸು ತುಂಬುತ್ತೀಯಪ್ಪಾ?” ಎಂದು ಕೇಳಿದೆನು. “ಯಾವುದಾದರೇನು ಅಮ್ಮನವರೇ, ತಂಪಾದರೆ ಸಾಕಲ್ಲ! ಇದು ಅಗ್ಗ, ಅದು ದುಬಾರಿ, ನೀವು ಹೇಳಿದ್ದನ್ನು ತುಂಬಿಬಿಡುತ್ತೇನೆ” ಎಂದನು. ಅವನು ಅಗ್ಗವೆಂದು ತೋರಿಸಿದ ಸಿಲಿಂಡರಿನ ಮೇಲೆ ಬೆಂಕಿಯ ಚಿಹ್ನೆಯಿತ್ತು. ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ ಅನ್ನದ ಒಲೆಯು ಉರಿಯುತ್ತಿತ್ತು. ಆ ದಿನ ಕೆಲಸವನ್ನು ನಿಲ್ಲಿಸಿ, ಔಷಧವನ್ನು ನನ್ನ ಮನೆಯ ಫ್ರಿಜ್ಜಿಗೆ ಸಾಗಿಸಿ, ತಿಳಿದವರನ್ನು ಕೇಳುತ್ತಲೂ ಪುಸ್ತಕಗಳನ್ನು ಓದುತ್ತಲೂ ನಾನು ಸಂಗ್ರಹಿಸಿದ ಸಂಗತಿಗಳನ್ನು ಇಲ್ಲಿ ಬರೆದಿರುತ್ತೇನೆ. ಹಳೆಯ ಯಂತ್ರಗಳನ್ನು ಇಟ್ಟುಕೊಂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಇದು ಉಪಯೋಗಕ್ಕೆ ಬಂದೀತೆಂದು ನಂಬುತ್ತೇನೆ.

ಮೊದಲನೆಯದಾಗಿ, ತಣ್ಪು ಹೇಗೆ ಉಂಟಾಗುತ್ತದೆಂಬುದನ್ನು ತಿಳಿಯಬೇಕು. ಮಣ್ಣಿನ ಹೂಜಿಯಲ್ಲಿಟ್ಟ ನೀರು ಬೇಸಿಗೆಯಲ್ಲಿಯೂ ತಣ್ಣಗಿರುವುದನ್ನು ಎಲ್ಲರೂ ಕಂಡಿದ್ದಾರೆ. ಹೂಜಿಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನ ಉಷ್ಣವನ್ನು ತೆಗೆದುಕೊಂಡು ಹೋಗುವುದೇ ಇದಕ್ಕೆ ಕಾರಣ. ಚುಚ್ಚುಮದ್ದು ಕೊಡುವ ಮುಂಚೆ ತೋಳಿಗೆ ಸ್ಪಿರಿಟ್ಟು ಸವರಿದರೆ ಚಳಿಯೆನಿಸುವುದೂ ಅದರಿಂದಲೇ. ದ್ರವವು ಆವಿಯಾಗುವಾಗ ಉಷ್ಣವನ್ನು ಹೀರುವುದು. ಆವಿಯು ಮರಳಿ ದ್ರವವಾಗುವಾಗ ಆ ಉಷ್ಣವನ್ನು ಬಿಟ್ಟುಕೊಡುವುದು. ಇದಿಷ್ಟೇ ಫ್ರಿಜ್ಜಿನ ಮರ್ಮ. ಹೂಜಿಯ ನೀರು ಆಕಾಶಕ್ಕೆ ಹೋಗಿ ಮುಗಿಯುತ್ತದೆ. ಫ್ರಿಜ್ಜಿನಲ್ಲಾದರೋ ಅದೇ ದ್ರವವು ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುತ್ತದೆ. ಕಂಪ್ರೆಸರ್ ಎಂಬ ಯಂತ್ರವು ಆವಿಯನ್ನು ಒತ್ತಿ ಬಿಸಿಮಾಡುವುದು. ಹಿಂಬದಿಯ ಕರಿಯ ಜಾಲದಲ್ಲಿ ಅದು ತನ್ನ ಉಷ್ಣವನ್ನು ಕೋಣೆಯ ಗಾಳಿಗೆ ಕೊಟ್ಟು ದ್ರವವಾಗುವುದು. ಕ್ಯಾಪಿಲರಿ ಎಂಬ, ಕೂದಲಿನಷ್ಟು ಸಪೂರ ರಂಧ್ರವುಳ್ಳ ತಾಮ್ರದ ನಳಿಗೆಯನ್ನು ದಾಟುವಾಗ ಅದರ ಒತ್ತಡವು ತಟ್ಟನೆ ಕುಗ್ಗುವುದು. ಆಗ ಅದು ಪೆಟ್ಟಿಗೆಯೊಳಗಿನ ಕೊಳವೆಗಳಲ್ಲಿ ಮತ್ತೆ ಆವಿಯಾಗುತ್ತಾ ಹಾಲು ಹಣ್ಣುಗಳ ಉಷ್ಣವನ್ನು ಹೀರಿಕೊಳ್ಳುವುದು. ಹೀಗೆ ಸುತ್ತುವ ದ್ರವ್ಯವನ್ನೇ ಶೀತಕವೆಂದು ಕರೆಯುತ್ತಾರೆ.

ಇದರಿಂದ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಶೀತಕವು ದೀಪದ ಎಣ್ಣೆಯಂತೆ ಉರಿದು ಮುಗಿಯುವಂಥದಲ್ಲ. “ಗ್ಯಾಸು ತೀರಿದೆ, ವರುಷಕ್ಕೊಮ್ಮೆ ತುಂಬಿಸಬೇಕು” ಎಂದು ಯಾರಾದರೂ ಹೇಳಿದರೆ, ಅದರ ಅರ್ಥವು ಎಲ್ಲಿಯೋ ತೂತಿದೆಯೆಂದೇ. ತೂತನ್ನು ಮುಚ್ಚದೆ ಗ್ಯಾಸು ತುಂಬಿಸುವುದು ಒಡೆದ ಕೊಡಕ್ಕೆ ನೀರು ಸೇದಿದಂತೆ.

ಇನ್ನು ಶೀತಕಗಳ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡೋಣ. ಯಾಕಂದರೆ ಇಂದಿನ ತೊಡಕೆಲ್ಲವೂ ಒಂದು ಅಪಾಯವನ್ನು ತಪ್ಪಿಸಲು ಹೋಗಿ ಇನ್ನೊಂದನ್ನು ತಂದುಕೊಂಡದ್ದರಿಂದಲೇ ಹುಟ್ಟಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೋನಿಯಾ, ಗಂಧಕದ ಡೈಆಕ್ಸೈಡ್, ಮಿಥೈಲ್ ಕ್ಲೋರೈಡ್ ಎಂಬಿವುಗಳೇ ಶೀತಕಗಳಾಗಿದ್ದವು. ಇವೆಲ್ಲವೂ ವಿಷಕರವಾದವು. ಬರ್ಲಿನ್ ನಗರದಲ್ಲಿ ಒಂದು ಕುಟುಂಬದವರೆಲ್ಲರೂ ಫ್ರಿಜ್ಜಿನಿಂದ ಸೋರಿದ ಅನಿಲದಿಂದ ನಿದ್ರೆಯಲ್ಲಿಯೇ ಮೃತರಾದರೆಂಬ ವಾರ್ತೆಯನ್ನು ಓದಿ ಪ್ರಖ್ಯಾತ ವಿಜ್ಞಾನಿಯಾದ ಆಲ್ಬರ್ಟ್ ಐನ್‌ಸ್ಟೈನರು ಮನನೊಂದು, ತಮ್ಮ ಕಿರಿಯ ಮಿತ್ರರಾದ ಲಿಯೋ ಜಿಲಾರ್ಡರೊಡನೆ ಸೇರಿ, ಚಲಿಸುವ ಭಾಗಗಳೇ ಇಲ್ಲದ ಒಂದು ಶೀತಲ ಯಂತ್ರವನ್ನು ಯೋಚಿಸಿದರೆಂದು ಹೇಳುತ್ತಾರೆ. 1930ನೆಯ ಇಸವಿಯಲ್ಲಿ ಅವರಿಗೆ ಅಮೇರಿಕದಲ್ಲಿ ಅದರ ಪೇಟೆಂಟು ದೊರೆಯಿತು. ಆದರೆ ಆ ಯಂತ್ರವು ಅಂಗಡಿಗೆ ಬರಲಿಲ್ಲ.

ಅಷ್ಟರಲ್ಲಿ ಅಮೇರಿಕದ ಥಾಮಸ್ ಮಿಡ್ಜ್‌ಲಿ ಎಂಬವರು ತಮ್ಮ ಸಂಗಡಿಗರೊಡನೆ 1928ರಲ್ಲಿ ಮತ್ತೊಂದು ಉಪಾಯವನ್ನು ಕಂಡುಹಿಡಿದಿದ್ದರು. ಇಂಗಾಲ, ಕ್ಲೋರಿನ್, ಫ್ಲೋರಿನ್‌ಗಳು ಕೂಡಿದ ಆ ಹೊಸ ದ್ರವ್ಯವು ಉರಿಯದು, ನಾರದು, ಉಸಿರಿಗೆ ವಿಷವಾಗದು. 1930ರಲ್ಲಿ ರಸಾಯನ ಶಾಸ್ತ್ರಜ್ಞರ ಸಭೆಯೊಂದರಲ್ಲಿ ಮಿಡ್ಜ್‌ಲಿಯವರು ಅದನ್ನು ತಾವೇ ಉಸಿರಿನೊಡನೆ ಒಳಗೆಳೆದುಕೊಂಡು, ಉರಿಯುವ ಮೇಣದ ಬತ್ತಿಯ ಮೇಲೆ ಊದಿ ದೀಪವನ್ನು ನಂದಿಸಿ ತೋರಿಸಿದರು. ವಿಷವೂ ಅಲ್ಲ, ಬೆಂಕಿಯೂ ಹತ್ತದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು! ಅದೇ ಆರ್-12. ‘ಫ್ರಿಯಾನ್’ ಎಂಬ ವ್ಯಾಪಾರದ ಹೆಸರಿನಿಂದ ಅದು ಲೋಕವೆಲ್ಲ ಹಬ್ಬಿತು. ಅದರ ಬಂಧುವಾದ ಆರ್-22 ಎಂಬುದು ಏರ್ ಕಂಡೀಷನರುಗಳಿಗೆ ಸೇರಿತು. ನಮ್ಮ ದೇಶದಲ್ಲಿ 1990ನೆಯ ಇಸವಿಗಿಂತ ಮುಂಚೆ ಕೊಂಡ ಮನೆಯ ಫ್ರಿಜ್ಜುಗಳಲ್ಲಿ ಸಾಮಾನ್ಯವಾಗಿ ಆರ್-12 ಇರುತ್ತದೆ. ಹಳೆಯ ಕಿಟಕಿಯ ಏರ್ ಕಂಡೀಷನರುಗಳಲ್ಲಿ ಆರ್-22 ಇರುತ್ತದೆ.

ಮೇಣದ ಬತ್ತಿಯ ಪರೀಕ್ಷೆಯಲ್ಲಿ ಗೆದ್ದ ಈ ಅನಿಲವು ಬೇರೊಂದು ಪರೀಕ್ಷೆಯಲ್ಲಿ ಸೋತಿತು. 1974ರಲ್ಲಿ ಕ್ಯಾಲಿಫೋರ್ನಿಯಾದ ಮಾರಿಯೋ ಮೊಲೀನಾ ಮತ್ತು ಶೆರ್‌ವುಡ್ ರೋಲೆಂಡ್ ಎಂಬ ವಿಜ್ಞಾನಿಗಳು, ಯಾವುದರೊಡನೆಯೂ ಬೆರೆಯದ ಈ ದ್ರವ್ಯವು ಕೆಡದೆ ಮೇಲೇರಿ ವಾತಾವರಣದ ಎತ್ತರದ ಪದರಕ್ಕೆ ಮುಟ್ಟುವುದೆಂದೂ, ಅಲ್ಲಿ ಸೂರ್ಯನ ತೀಕ್ಷ್ಣ ಕಿರಣಗಳಿಂದ ಒಡೆದು ಕ್ಲೋರಿನ್ನನ್ನು ಬಿಡುವುದೆಂದೂ, ಆ ಕ್ಲೋರಿನ್ನಿನ ಒಂದೊಂದು ಪರಮಾಣುವೂ ಸಾವಿರಾರು ಓಜೋನ್ ಅಣುಗಳನ್ನು ನಾಶಮಾಡುವುದೆಂದೂ ತೋರಿಸಿಕೊಟ್ಟರು. ಓಜೋನ್ ಪದರವು ಭೂಮಿಗೆ ಹಿಡಿದ ಕೊಡೆಯಂತಿರುವುದು. ಅದು ತೆಳ್ಳಗಾದರೆ ನೇರಳಾತೀತ ಕಿರಣಗಳು ಹೆಚ್ಚಾಗಿ ಕೆಳಗಿಳಿದು, ಚರ್ಮಕ್ಕೂ ಕಣ್ಣಿಗೂ ಬೆಳೆಗಳಿಗೂ ಕೇಡಾಗುವುದು. 1985ರಲ್ಲಿ ಜೋಸೆಫ್ ಫಾರ್ಮನ್ ಮೊದಲಾದ ಮೂವರು ಬ್ರಿಟಿಷ್ ವಿಜ್ಞಾನಿಗಳು ದಕ್ಷಿಣ ಧ್ರುವದ ಮೇಲೆ ವಸಂತಕಾಲದಲ್ಲಿ ಓಜೋನ್ ಬಹಳವಾಗಿ ಕ್ಷೀಣಿಸುತ್ತಿರುವುದನ್ನು ಪ್ರಕಟಿಸಿದಾಗ ಲೋಕವು ಎಚ್ಚತ್ತಿತು. 1987ನೆಯ ಸಪ್ಟೆಂಬರ್ 16ರಂದು ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಕೂಡಿ ಒಪ್ಪಂದ ಮಾಡಿಕೊಂಡವು. ಭಾರತವು 1992ರಲ್ಲಿ ಅದಕ್ಕೆ ಸೇರಿತು. 2010ನೆಯ ಇಸವಿಯ ಆರಂಭಕ್ಕೆ, ಕೆಲವು ಔಷಧಗಳ ಹೊರತು, ಆರ್-12ರ ವರ್ಗದ ಅನಿಲಗಳು ನಮ್ಮ ದೇಶದಲ್ಲಿ ನಿಂತವು. ಮೊಲೀನಾ ಮತ್ತು ರೋಲೆಂಡರು 1995ರಲ್ಲಿ ಪಾಲ್ ಕ್ರುಟ್ಜನ್ ಎಂಬವರೊಡನೆ ನೋಬೆಲ್ ಪಾರಿತೋಷಕವನ್ನು ಪಡೆದರು.

ಇದಲ್ಲದೆ ಎರಡನೆಯ ದೋಷವೂ ಉಂಟು. ಈ ಅನಿಲಗಳು ಕಂಬಳಿಯಂತೆ ಭೂಮಿಯ ಕಾವನ್ನು ಹಿಡಿದಿಡುತ್ತವೆ. ನೂರು ವರುಷಗಳ ಲೆಕ್ಕದಲ್ಲಿ ಒಂದು ಕಿಲೋಗ್ರಾಂ ಆರ್-12 ಸುಮಾರು 10,900 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡಿಗೆ ಸಮನೆಂದೂ, ಆರ್-22 ಸುಮಾರು 1,810 ಕಿಲೋಗ್ರಾಂಗೆ ಸಮನೆಂದೂ ಎಣಿಸಿದ್ದಾರೆ. ಚಿಕ್ಕ ಫ್ರಿಜ್ಜೊಂದರಲ್ಲಿ 120 ಗ್ರಾಂ ಆರ್-12 ಇದೆಯೆಂದು ಇಟ್ಟುಕೊಳ್ಳೋಣ. ಒಂದು ಬಟ್ಟಲು ಸಕ್ಕರೆಯಷ್ಟೂ ತೂಗದ ಈ ಅನಿಲವನ್ನು ಕಿಟಕಿಯಿಂದ ಹೊರಗೆ ಬಿಟ್ಟರೆ 1,300 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡನ್ನು ಬಿಟ್ಟಂತಾಯಿತು! ನಮ್ಮ ಗಣಿತದ ತರಗತಿಯ ಹುಡುಗಿಯರು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ.

ಹೀಗಿರಲು, ಹಳೆಯ ಯಂತ್ರಕ್ಕೆ ಬದಲಿ ಶೀತಕವನ್ನು ಆರಿಸುವಾಗ ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು. ಅದು ಓಜೋನಿಗೆ ಕೇಡು ಮಾಡುವುದೋ? ಭೂಮಿಯ ಕಾವನ್ನು ಎಷ್ಟು ಹೆಚ್ಚಿಸುವುದು? ಮನೆಯವರಿಗೆ ವಿಷದಿಂದಾಗಲಿ ಬೆಂಕಿಯಿಂದಾಗಲಿ ಅಪಾಯವುಂಟೋ? ಕೊನೆಯದಾಗಿ, ಆ ಯಂತ್ರದ ಒತ್ತಡಕ್ಕೂ ಅದರೊಳಗಿನ ಎಣ್ಣೆಗೂ ಅದು ಒಗ್ಗುವುದೋ? ಈ ಕೊನೆಯ ಪ್ರಶ್ನೆಯನ್ನೇ ಜನರು ಮರೆಯುತ್ತಾರೆ. ಉದಾಹರಣೆಗೆ ಅಮೋನಿಯಾವು ಓಜೋನಿಗೂ ಹವೆಗೂ ನಿರುಪದ್ರವಿ. ಮಂಜುಗಡ್ಡೆಯ ಕಾರ್ಖಾನೆಗಳಲ್ಲಿ ಇಂದಿಗೂ ಅದೇ ಬಳಕೆಯಲ್ಲಿದೆ. ಆದಾಗ್ಯೂ ಅದು ತಾಮ್ರವನ್ನು ತಿನ್ನುವುದರಿಂದ, ತಾಮ್ರದ ಕೊಳವೆಗಳುಳ್ಳ ಮನೆಯ ಯಂತ್ರಕ್ಕೆ ಸರ್ವಥಾ ಸಲ್ಲದು.

ಆರ್-12 ಇದ್ದ ಫ್ರಿಜ್ಜಿಗೆ ಏನು ಹಾಕಬಹುದೆಂಬುದನ್ನು ಈಗ ವಿಚಾರಿಸೋಣ. ಮೊದಲನೆಯದು ಆರ್-134ಎ. ಇದರಲ್ಲಿ ಕ್ಲೋರಿನ್ ಇಲ್ಲದ್ದರಿಂದ ಓಜೋನಿಗೆ ಕೇಡಿಲ್ಲ. ಇದು ಬೆಂಕಿ ಹತ್ತುವಂಥದೂ ಅಲ್ಲ. ಆರ್-12 ಶೂನ್ಯಕ್ಕಿಂತ ಸುಮಾರು 30 ಡಿಗ್ರಿ ಕೆಳಗೆ ಕುದಿದರೆ, ಇದು 26 ಡಿಗ್ರಿ ಕೆಳಗೆ ಕುದಿಯುತ್ತದೆ; ಒತ್ತಡಗಳು ಬಹುಮಟ್ಟಿಗೆ ಹೊಂದುತ್ತವೆ. ತೊಡಕಿರುವುದು ಎಣ್ಣೆಯಲ್ಲಿ. ಕಂಪ್ರೆಸರಿನೊಳಗೆ ಸವೆತವನ್ನು ತಪ್ಪಿಸಲು ಹಾಕಿದ ಎಣ್ಣೆಯಲ್ಲಿ ಸ್ವಲ್ಪಾಂಶವು ಶೀತಕದೊಡನೆ ಕೊಳವೆಗಳಲ್ಲಿ ಸಂಚರಿಸಿ ಹಿಂದಿರುಗಬೇಕು. ಹಳೆಯ ಯಂತ್ರಗಳಲ್ಲಿರುವ ಖನಿಜ ತೈಲವು ಆರ್-12ರಲ್ಲಿ ಕರಗುತ್ತಿತ್ತು, ಆರ್-134ಎಯಲ್ಲಿ ಕರಗದು. ಹೋದ ಎಣ್ಣೆಯು ಮರಳದೆ ಕೊಳವೆಯಲ್ಲಿಯೇ ತಂಗಿದರೆ ಕಂಪ್ರೆಸರು ಒಣಗಿ ಸವೆಯುವುದು. ಆದಕಾರಣ ಹಳೆಯ ಎಣ್ಣೆಯನ್ನು ತೆಗೆದು, ಎಸ್ಟರ್ ಎಂಬ ಬೇರೆ ಜಾತಿಯ ಎಣ್ಣೆಯನ್ನು ಹಾಕಿ, ತೇವವನ್ನು ಹೀರುವ ಡ್ರೈಯರನ್ನೂ ಬದಲಾಯಿಸಬೇಕು. ಎಸ್ಟರ್ ಎಣ್ಣೆಯು ಗಾಳಿಯ ತೇವವನ್ನು ಉಪ್ಪಿನಂತೆ ಎಳೆದುಕೊಳ್ಳುವುದರಿಂದ ಕೆಲಸವು ಚುರುಕಾಗಿಯೂ ಶುದ್ಧವಾಗಿಯೂ ಆಗಬೇಕು. ಮನೆಯ ಫ್ರಿಜ್ಜಿನ ಕಂಪ್ರೆಸರು ಬೆಸುಗೆ ಹಾಕಿ ಮುಚ್ಚಿದ್ದಾಗಿರುವುದರಿಂದ, ಅನೇಕ ವೇಳೆ ಕಂಪ್ರೆಸರನ್ನೇ ಬದಲಾಯಿಸುವುದು ಸುಲಭವಾಗುತ್ತದೆ. ಇದಲ್ಲದೆ ಆರ್-134ಎ ಕೂಡ ಕಾವನ್ನು ಹೆಚ್ಚಿಸುವ ವಿಷಯದಲ್ಲಿ ನಿರ್ದೋಷಿಯಲ್ಲ. ಅದರ ಅಂಕವು ಸುಮಾರು 1,430. ಇಂಥ ಅನಿಲಗಳನ್ನು ತಗ್ಗಿಸಲು 2016ರಲ್ಲಿ ರವಾಂಡ ದೇಶದ ಕಿಗಾಲಿಯಲ್ಲಿ ಮತ್ತೊಂದು ಒಪ್ಪಂದವಾಯಿತು. ಭಾರತವು 2021ರಲ್ಲಿ ಅದನ್ನು ಅಂಗೀಕರಿಸಿತು.

ಎರಡನೆಯದು ಪ್ರೋಪೇನ್ ಮತ್ತು ಐಸೋಬ್ಯೂಟೇನ್ ಎಂಬ ಹೈಡ್ರೋಕಾರ್ಬನ್ನುಗಳು. ಇವು ಓಜೋನಿಗೆ ಕೇಡು ಮಾಡವು. ಕಾವನ್ನು ಹೆಚ್ಚಿಸುವುದರಲ್ಲಿಯೂ ಇವುಗಳ ಅಂಕವು ತೀರ ಅಲ್ಪ. ಇವುಗಳ ಚರಿತ್ರೆಯು ಸ್ವಾರಸ್ಯವಾಗಿದೆ. ಜರ್ಮನಿಯಲ್ಲಿ 1992ರಲ್ಲಿ ಮುಚ್ಚಿಹೋಗುವ ಸ್ಥಿತಿಯಲ್ಲಿದ್ದ, ಮೊದಲು ಪೂರ್ವ ಜರ್ಮನಿಗೆ ಸೇರಿದ್ದ ಕಾರ್ಖಾನೆಯೊಂದು ಗ್ರೀನ್‌ಪೀಸ್ ಸಂಸ್ಥೆಯ ಪ್ರೋತ್ಸಾಹದಿಂದ, ಡೋರ್ಟ್‌ಮಂಡ್ ನಗರದ ವೈದ್ಯ ವಿಜ್ಞಾನಿಗಳು ಪ್ರಯೋಗಿಸಿದ್ದ ಈ ಮಿಶ್ರಣದಿಂದ ಫ್ರಿಜ್ಜುಗಳನ್ನು ತಯಾರಿಸಿತು. ದೊಡ್ಡ ಕಾರ್ಖಾನೆಗಳವರು ಮೊದಲು ಅಪಾಯವೆಂದು ಹಳಿದರೂ ಬಳಿಕ ತಾವೂ ಅದೇ ದಾರಿಯನ್ನು ಹಿಡಿದರು. ಇಂದು ನಮ್ಮ ಅಂಗಡಿಗಳಲ್ಲಿರುವ ಹೊಸ ಫ್ರಿಜ್ಜುಗಳ ಹಿಂಬದಿಯ ಚೀಟಿಯಲ್ಲಿ ‘ಆರ್-600ಎ’ ಎಂದು ಕಾಣುವುದು ಐಸೋಬ್ಯೂಟೇನೇ.

ಹಳೆಯ ಆರ್-12ರ ಫ್ರಿಜ್ಜಿಗೆ ಬರಿಯ ಐಸೋಬ್ಯೂಟೇನ್ ಹೊಂದುವುದಿಲ್ಲ. ಅದರ ಆವಿಯು ತೀರ ತೆಳುವಾದ್ದರಿಂದ ಇನ್ನೂ ದೊಡ್ಡ ಕಂಪ್ರೆಸರು ಬೇಕಾಗುತ್ತದೆ. ಆದರೆ ಪ್ರೋಪೇನನ್ನೂ ಐಸೋಬ್ಯೂಟೇನನ್ನೂ ತೂಕದಲ್ಲಿ ಸಮಸಮನಾಗಿ ಬೆರೆಸಿದರೆ ಅದರ ಒತ್ತಡವು ಆರ್-12ಕ್ಕೆ ಹತ್ತಿರವಾಗುವುದು. ಖನಿಜ ತೈಲವು ಇದರಲ್ಲಿ ಚೆನ್ನಾಗಿ ಕರಗುವುದರಿಂದ ಎಣ್ಣೆಯನ್ನು ಬದಲಾಯಿಸಬೇಕಾಗಿಲ್ಲ. ತೂಕವೂ ಕಡಿಮೆ ಸಾಕು: ಆರ್-12 ನೂರು ಗ್ರಾಂ ಇದ್ದಲ್ಲಿ ಇದು ಸುಮಾರು 40 ಗ್ರಾಂ. ಭಾರತದಲ್ಲಿ ದುರಸ್ತಿಗಾರರಿಗೆ ಈ ಮಿಶ್ರಣವನ್ನು ಬಳಸುವ ಶಿಕ್ಷಣವನ್ನೂ ಕೊಟ್ಟದ್ದುಂಟು. ಇಷ್ಟೆಲ್ಲ ಗುಣಗಳ ಎದುರಿಗೆ ಒಂದೇ ಅವಗುಣ; ಅದೇ ಬೆಂಕಿ. ಕೋಣೆಯ ಗಾಳಿಯ ನೂರು ಪಾಲಿನಲ್ಲಿ ಎರಡು ಪಾಲಿನಷ್ಟು ಈ ಅನಿಲವು ಬೆರೆತರೆ ಒಂದು ಕಿಡಿಯಿಂದ ಹತ್ತಿಕೊಳ್ಳುವುದು. ನಲವತ್ತು ಗ್ರಾಂ ಅನಿಲವು ವಿಶಾಲವಾದ ಕೋಣೆಯಲ್ಲಿ ಹರಡಿದರೆ ಆ ಪ್ರಮಾಣವನ್ನು ಮುಟ್ಟದು; ಆದರೆ ಮುಚ್ಚಿದ ಪೆಟ್ಟಿಗೆಯೊಳಗೆ ಸೋರಿದರೆ ಮುಟ್ಟುವುದು. ಹಳೆಯ ಫ್ರಿಜ್ಜಿನ ಒಳಗೇ ಥರ್ಮೋಸ್ಟಾಟಿನ ಕೀಲೂ ದೀಪದ ಸ್ವಿಚ್ಚೂ ಇರುತ್ತವೆ. ಅವು ಕೂಡಿ ಬಿಡುವಾಗ ಕಿಡಿಯು ಹಾರುವುದು ಸಹಜ. ಹೊಸ ಫ್ರಿಜ್ಜುಗಳಲ್ಲಿ ಇವುಗಳನ್ನು ಮುಚ್ಚಿಯೋ ಹೊರಗಿಟ್ಟೋ ಕಿಡಿ ತಗಲದಂತೆ ಮಾಡಿರುತ್ತಾರೆ. ಆದುದರಿಂದ ಹಳೆಯ ಯಂತ್ರಕ್ಕೆ ಇದನ್ನು ತುಂಬುವವನು ಈ ಕೀಲುಗಳನ್ನೂ ಬದಲಾಯಿಸಿ, ಕಂಪ್ರೆಸರಿನ ರಿಲೇಯನ್ನು ಭದ್ರಪಡಿಸಿ, ಹೊರಗೆ ಎಚ್ಚರಿಕೆಯ ಚೀಟಿಯನ್ನು ಅಂಟಿಸಬೇಕು. ಇಷ್ಟು ಮಾಡಲು ಬಾರದವನು ಇದನ್ನು ಮುಟ್ಟಬಾರದು.

ಇಲ್ಲಿ ಒಬ್ಬ ವಿದ್ಯಾರ್ಥಿನಿಯು ನನ್ನನ್ನು ಕೇಳಿದ ಪ್ರಶ್ನೆಯು ಜ್ಞಾಪಕಕ್ಕೆ ಬರುತ್ತದೆ: “ಅಡಿಗೆಯ ಗ್ಯಾಸಿನಲ್ಲಿಯೂ ಪ್ರೋಪೇನ್ ಬ್ಯೂಟೇನ್‌ಗಳೇ ಇವೆಯಲ್ಲ, ಅದನ್ನೇ ತುಂಬಿಸಬಾರದೇಕೆ?” ಪ್ರಶ್ನೆಯು ಜಾಣತನದ್ದು, ಉತ್ತರವು ಕೂಡದೆಂಬುದೇ. ಅಡಿಗೆಯ ಅನಿಲದಲ್ಲಿ ಅಂಶಗಳ ಪ್ರಮಾಣವು ಒಂದೇ ಸಮನಾಗಿರುವುದಿಲ್ಲ. ಸೋರಿದರೆ ತಿಳಿಯಲೆಂದು ಬೆರೆಸಿದ ಗಂಧಕದ ವಾಸನಾದ್ರವ್ಯವೂ, ತೇವವೂ, ಇತರ ಕಶ್ಮಲಗಳೂ ಅದರಲ್ಲಿರುತ್ತವೆ. ಇವು ಯಂತ್ರವನ್ನು ಕೆಡಿಸುತ್ತವೆ. ಶೀತಕಕ್ಕೆಂದು ಶುದ್ಧಿಮಾಡಿದ ಹೈಡ್ರೋಕಾರ್ಬನ್ನೇ ಬೇರೆ. ಆದರೆ ಅದಕ್ಕೆ ಸಾಮಾನ್ಯವಾಗಿ ವಾಸನೆಯಿರುವುದಿಲ್ಲವೆಂಬುದನ್ನೂ, ಸೋರಿದರೆ ಮೂಗಿಗೆ ತಿಳಿಯದೆಂಬುದನ್ನೂ ಮರೆಯಬಾರದು.

ಮೂರನೆಯದಾಗಿ, ಎಣ್ಣೆಯನ್ನು ಬದಲಾಯಿಸದೆ ಹಾಕಬಹುದಾದ ಆರ್-409ಎ ಮೊದಲಾದ ಮಿಶ್ರಣಗಳು ಬಂದವು. ಇವುಗಳಲ್ಲಿ ಆರ್-22ರ ವರ್ಗದ ಅನಿಲಗಳೇ ಇರುವುದರಿಂದ ಇವು ಹೊಳೆ ದಾಟುವ ತನಕದ ಸಂಕಗಳಲ್ಲದೆ ನಿಲ್ಲತಕ್ಕ ನೆಲೆಗಳಲ್ಲ.

ಇನ್ನು ಆರ್-22ರ ಹಳೆಯ ಏರ್ ಕಂಡೀಷನರುಗಳ ಮಾತು. ಆರ್-22 ಓಜೋನಿಗೆ ಮಾಡುವ ಕೇಡು ಆರ್-12ರ ಕೇಡಿನ ಸುಮಾರು ಇಪ್ಪತ್ತರಲ್ಲೊಂದು ಪಾಲು ಮಾತ್ರ. ಆದಕಾರಣ ಅದಕ್ಕೆ ಹೆಚ್ಚಿನ ವಾಯಿದೆಯನ್ನು ಕೊಡಲಾಯಿತು. ನಮ್ಮಂಥ ದೇಶಗಳು ಈ ವರ್ಗದ ಬಳಕೆಯನ್ನು 2025ರಿಂದ ಮೂರರಲ್ಲಿ ಎರಡು ಪಾಲಿಗಿಂತಲೂ ಹೆಚ್ಚಾಗಿ ತಗ್ಗಿಸತಕ್ಕದ್ದು, 2030ಕ್ಕೆ ನಿಲ್ಲಿಸತಕ್ಕದ್ದು, ಹಳೆಯ ಯಂತ್ರಗಳ ದುರಸ್ತಿಗೆ ಮಾತ್ರ ಅತ್ಯಲ್ಪ ಅಂಶವು 2040ರ ತನಕ ದೊರೆಯಬಹುದು. ಹೀಗಾಗಿ ಹಳೆಯ ಯಂತ್ರವು ಸೋರದೆ ಚೆನ್ನಾಗಿ ನಡೆಯುತ್ತಿದ್ದರೆ ಅದನ್ನು ಬಿಚ್ಚಿ ಬೇರೆ ಅನಿಲವನ್ನು ತುಂಬಿಸುವ ಅಗತ್ಯವೇ ಇಲ್ಲ. ಸೋರಿದ್ದರೆ ತೂತನ್ನು ಮುಚ್ಚಿ ಆರ್-22ನ್ನೇ ತುಂಬಿಸುವುದು ಸದ್ಯಕ್ಕೆ ಸರಳವಾದ ಮಾರ್ಗ.

ಆರ್-22 ದೊರೆಯದಿದ್ದರೆ, ಮೂರು ಅನಿಲಗಳ ಮಿಶ್ರಣವಾದ ಆರ್-407ಸಿ ಎಂಬುದು ಒತ್ತಡದಲ್ಲಿಯೂ ತಣ್ಪಿನಲ್ಲಿಯೂ ಅದಕ್ಕೆ ಹತ್ತಿರವಾಗಿದೆ. ಆದರೆ ಎಸ್ಟರ್ ಎಣ್ಣೆಯನ್ನು ಹಾಕಬೇಕು. ಎಣ್ಣೆಯನ್ನು ಬದಲಾಯಿಸದೆ ನಡೆಯಲೆಂದು ಆರ್-422ಡಿ, ಆರ್-438ಎ ಮೊದಲಾದ ಮಿಶ್ರಣಗಳನ್ನು ಮಾಡಿದ್ದಾರೆ. ಇವು ತಣ್ಪನ್ನು ಸ್ವಲ್ಪ ಕಡಿಮೆ ಕೊಡುತ್ತವೆ, ಭೂಮಿಯ ಕಾವನ್ನು ಆರ್-22ಕ್ಕಿಂತಲೂ ಹೆಚ್ಚಿಸುತ್ತವೆ. ಇಂಥ ಮಿಶ್ರಣಗಳಲ್ಲಿ ಒಂದೊಂದು ಅಂಶವೂ ಬೇರೆ ಬೇರೆ ಉಷ್ಣದಲ್ಲಿ ಕುದಿಯುವುದರಿಂದ, ಸಿಲಿಂಡರಿನಿಂದ ಆವಿಯಾಗಿ ತೆಗೆಯದೆ ದ್ರವವಾಗಿಯೇ ತೆಗೆದು ತುಂಬಬೇಕು. ಇಲ್ಲವಾದರೆ, ಸಾರಿನ ತಿಳಿಯೊಂದನ್ನೇ ಬಡಿಸಿ ಬೇಳೆಯನ್ನು ತಳದಲ್ಲಿ ಬಿಟ್ಟಂತಾಗುವುದು.

ಮಾಡಲೇಬಾರದ ಕೆಲಸಗಳು ಎರಡುಂಟು. ಹೊಸ ಯಂತ್ರಗಳಲ್ಲಿರುವ ಆರ್-410ಎ ಮತ್ತು ಆರ್-32 ಎಂಬ ಅನಿಲಗಳನ್ನು ಆರ್-22ರ ಯಂತ್ರಕ್ಕೆ ತುಂಬಕೂಡದು. ನಲವತ್ತು ಡಿಗ್ರಿ ಉಷ್ಣದಲ್ಲಿ ಆರ್-22ರ ಒತ್ತಡವು ಸುಮಾರು 15 ಬಾರ್ ಆದರೆ ಆರ್-410ಎ ಅನಿಲದ್ದು ಸುಮಾರು 24 ಬಾರ್; ಆರ್-32 ಕೂಡ ಅಂಥದೇ. ಹಳೆಯ ಕೊಳವೆಗಳು ಅದನ್ನು ತಾಳಲಾರವು. ಎರಡನೆಯದಾಗಿ, ಪ್ರೋಪೇನ್ ಎಂಬ ಆರ್-290 ಅನಿಲವನ್ನು ಹಳೆಯ ಏರ್ ಕಂಡೀಷನರಿಗೆ ತುಂಬಕೂಡದು. ಆರ್-22 ಶೂನ್ಯಕ್ಕಿಂತ ಸುಮಾರು 41 ಡಿಗ್ರಿ ಕೆಳಗೂ ಪ್ರೋಪೇನ್ 42 ಡಿಗ್ರಿ ಕೆಳಗೂ ಕುದಿಯುವುದರಿಂದ, ತುಂಬಿದೊಡನೆ ಯಂತ್ರವು ಸೊಗಸಾಗಿ ತಣ್ಣಗಾಗುವುದು, ಅದೇ ಮೋಸ. ಫ್ರಿಜ್ಜಿಗೆ ನಲವತ್ತು ಗ್ರಾಂ ಸಾಕಾದರೆ ಇಲ್ಲಿ ನೂರಾರು ಗ್ರಾಂ ಬೇಕು. ಅದು ಸೋರುವುದು ಜನರು ಬಾಗಿಲು ಮುಚ್ಚಿ ಮಲಗುವ ಕೋಣೆಯೊಳಗೆ. ಅಮೇರಿಕದ ಪರಿಸರ ಸಂರಕ್ಷಣಾ ಇಲಾಖೆಯವರು 2013ರಲ್ಲಿ ಇಂಥ ಬದಲಾವಣೆಯಿಂದ ಸ್ಫೋಟಗಳೂ ಗಾಯಗಳೂ ಆದುದನ್ನು ಕುರಿತು ಜನರನ್ನು ಎಚ್ಚರಿಸಿದರು. ಪ್ರೋಪೇನಿಗಾಗಿಯೇ ರಚಿಸಿದ ಏರ್ ಕಂಡೀಷನರುಗಳ ಮಾತು ಬೇರೆ. ಭಾರತದಲ್ಲಿಯೇ ಗೋದ್ರೆಜ್ ಕಾರ್ಖಾನೆಯವರು 2012ರಲ್ಲಿ ಅಂಥವುಗಳನ್ನು ಮಾರತೊಡಗಿದರು. ಕೇಡಿರುವುದು ಅನಿಲದಲ್ಲಿ ಅಲ್ಲ, ತಕ್ಕದ್ದಲ್ಲದ ಯಂತ್ರಕ್ಕೆ ತುಂಬುವುದರಲ್ಲಿ.

ದುರಸ್ತಿಗೆ ಬಂದವನ ಕೆಲಸವು ಸರಿಯೋ ತಪ್ಪೋ ಎಂದು ಮನೆಯ ಗೃಹಿಣಿಯು ತಿಳಿಯುವ ಬಗೆ ಹೇಗೆ? ಯಂತ್ರದ ಹಿಂಬದಿಯ ತಗಡನ್ನು ಅವನು ಮೊದಲು ಓದಬೇಕು. ಶೀತಕದ ಹೆಸರೂ ತೂಕವೂ ಅಲ್ಲಿ ಬರೆದಿರುತ್ತವೆ. ಉಳಿದ ಅನಿಲವನ್ನು ಗಾಳಿಗೆ ಬಿಡದೆ ಖಾಲಿ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಒಣ ನೈಟ್ರೋಜನ್ ತುಂಬಿ ಸಾಬೂನಿನ ನೊರೆ ಹಚ್ಚಿ ತೂತನ್ನು ಹುಡುಕಬೇಕು. ಆಮ್ಲಜನಕವನ್ನು ಮಾತ್ರ ಎಂದಿಗೂ ತುಂಬಬಾರದು, ಅದು ಎಣ್ಣೆಯೊಡನೆ ಸೇರಿದರೆ ಸ್ಫೋಟವಾಗುವುದು. ಬಳಿಕ ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ಹೊರಗೆಳೆಯಬೇಕು; ಒಂದು ಹನಿ ನೀರು ಉಳಿದರೂ ಕ್ಯಾಪಿಲರಿಯಲ್ಲಿ ಹೆಪ್ಪುಗಟ್ಟಿ ದಾರಿಯನ್ನು ಮುಚ್ಚುವುದು. ಕಡೆಗೆ ಅನಿಲವನ್ನು ಅಂದಾಜಿನಿಂದಲ್ಲ, ತಕ್ಕಡಿಯಲ್ಲಿ ತೂಗಿ ತುಂಬಿ, ಯಾವ ಅನಿಲ, ಎಷ್ಟು ಗ್ರಾಂ, ಯಾವ ದಿನ ಎಂದು ಚೀಟಿ ಬರೆದು ಅಂಟಿಸಬೇಕು. ಒಂದು ಅನಿಲದ ಮೇಲೆ ಇನ್ನೊಂದನ್ನು ಬೆರೆಸಬಾರದು. ತಕ್ಕಡಿಯನ್ನೂ ಪಂಪನ್ನೂ ತಾರದೆ ಬಂದವನನ್ನು ಮರ್ಯಾದೆಯಿಂದ ಹಿಂದಕ್ಕೆ ಕಳುಹಿಸುವುದೇ ಲೇಸು.

ನಮ್ಮ ನಿಲಯದ ಫ್ರಿಜ್ಜಿಗೆ ಏನಾಯಿತೆಂದು ವಾಚಕರು ಕೇಳಬಹುದು. ತರಬೇತಿ ಪಡೆದ ಮತ್ತೊಬ್ಬರನ್ನು ಕರೆಸಿ ತೋರಿಸಿದೆವು. ತಗಡಿನ ಮೇಲೆ ಆರ್-12 ಎಂದಿತ್ತು. ಒಳಗಿನ ಕೊಳವೆಗಳು ತುಕ್ಕು ಹಿಡಿದು ಎರಡು ಕಡೆ ಸೋರುತ್ತಿದ್ದವು. ಆರ್-134ಎ ಹಾಕಲು ಕಂಪ್ರೆಸರನ್ನೇ ಬದಲಾಯಿಸಬೇಕು. ಹೈಡ್ರೋಕಾರ್ಬನ್ನಿಗೆ, ಒಲೆಯ ಬಳಿಯಲ್ಲಿ, ತುಕ್ಕು ಹಿಡಿದ ಕೊಳವೆಗಳನ್ನು ನಂಬುವುದಕ್ಕೆ ನನಗೆ ಧೈರ್ಯವಾಗಲಿಲ್ಲ. ಅಡಿಗೆಮನೆಯ ಮೇಲಣ ಮಾಳಿಗೆಯಲ್ಲಿ ಮಕ್ಕಳು ಮಲಗುತ್ತಾರೆ. ಕೊಳವೆಯಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಅನಿಲವನ್ನು ಅವರು ಸಿಲಿಂಡರಿಗೆ ತೆಗೆದುಕೊಂಡರು. ಕಾರ್ಖಾನೆಯಲ್ಲಿಯೇ ಭದ್ರಪಡಿಸಿ ತುಂಬಿದ ಆರ್-600ಎಯ ಚಿಕ್ಕ ಫ್ರಿಜ್ಜೊಂದನ್ನು ಕೊಂಡು, ಅದನ್ನು ಒಲೆಯಿಂದ ದೂರ, ಊಟದ ಮನೆಯ ಕಿಟಕಿಯ ಬಳಿ ಇರಿಸಿದೆವು. ಕಂಪ್ರೆಸರನ್ನು ಗುಜರಿಗೆ ಕೊಟ್ಟೆವು. ಚಿಕ್ಕ ಮಕ್ಕಳು ಒಳಹೊಕ್ಕು ಸಿಕ್ಕಿಕೊಳ್ಳದಂತೆ ಹಳೆಯ ಪೆಟ್ಟಿಗೆಯ ಬಾಗಿಲನ್ನು ಕಳಚಿ ತೆಗೆದೆವು. ಅದು ಈಗ ಹೊಲಿಗೆಯ ತರಗತಿಯಲ್ಲಿ ಬಟ್ಟೆಯ ಕಪಾಟಾಗಿದೆ. ಎಲ್ಲಾ ಹಳೆಯ ಯಂತ್ರಗಳಿಗೂ ಇದೇ ತೀರ್ಪೆಂದು ನಾನು ಹೇಳುವುದಿಲ್ಲ. ಕೊಳವೆಗಳು ಗಟ್ಟಿಯಾಗಿದ್ದು, ಕೆಲಸ ಬಲ್ಲವರು ದೊರೆತರೆ, ಹಳೆಯ ಯಂತ್ರವು ತಕ್ಕ ಅನಿಲದಿಂದ ಇನ್ನೂ ಕೆಲವು ವರುಷ ನಡೆದೀತು.

ಲೋಕದ ರಾಷ್ಟ್ರಗಳೆಲ್ಲವೂ ಒಪ್ಪಿ ನಡೆದ ಫಲವಾಗಿ ಓಜೋನ್ ಪದರವು ಮೆಲ್ಲಗೆ ಗುಣಹೊಂದುತ್ತಿದೆ. ಈಗಿನ ನಿಯಮಗಳು ನಡೆದರೆ ಲೋಕದ ಬಹುಭಾಗದ ಮೇಲೆ ಸುಮಾರು 2040ಕ್ಕೂ, ದಕ್ಷಿಣ ಧ್ರುವದ ಮೇಲೆ ಸುಮಾರು 2066ಕ್ಕೂ ಅದು 1980ರ ಸ್ಥಿತಿಗೆ ಮರಳುವುದೆಂದು ವಿಜ್ಞಾನಿಗಳು ಎಣಿಸಿದ್ದಾರೆ. ಈ ಮಹಾಕಾರ್ಯದಲ್ಲಿ ನಮ್ಮ ಪಾಲು ಸಣ್ಣದು: ದುರಸ್ತಿಗಾರನು ಕೊಳವೆಯನ್ನು ಕತ್ತರಿಸುವ ಮುಂಚೆ ಯಂತ್ರದ ತಗಡನ್ನು ಓದುವುದು, “ಯಾವ ಅನಿಲ? ಎಷ್ಟು ಗ್ರಾಂ? ಹಳೆಯದನ್ನು ಎಲ್ಲಿ ಹಿಡಿಯುತ್ತೀರಿ?” ಎಂದು ಕೇಳುವುದು, ಉತ್ತರ ದೊರೆಯುವ ತನಕ ಕೆಲಸಕ್ಕೆ ಬಿಡದಿರುವುದು. ಅಂದು ನಾನು ಆ ಮೊದಲನೆಯ ಪ್ರಶ್ನೆಯನ್ನು ಕೇಳಿದ್ದು ಆಕಸ್ಮಿಕವೇ ಸರಿ. ನಮ್ಮ ಹುಡುಗಿಯರು ಅದನ್ನು ತಿಳಿದು ಕೇಳುವವರಾಗಲಿ.